ಆರು ಮಂದಿಗೆ ಉಡಿ

ಮಾನ್ವಿಯ ಅಕ್ಕಿ ಗಿರಣಿ ಮಧ್ಯಾಹ್ನ ಒಂದಕ್ಕೆ ನಿಂತು ಎರಡಕ್ಕೆ ಮತ್ತೆ ಶುರುವಾಗುತ್ತದೆ. ನಡುವಿನ ಆ ಒಂದು ತಾಸು ಶಶಿಕಲಾಳದು. ಗಿರಣಿ ನಡೆಯುವಾಗ ಅದರ ಹಿಂದಿನ ಓಣಿಯ ಗೋಡೆಗಳೆಲ್ಲ ಸಣ್ಣಗೆ ಗುಂಯ್‌ಗುಡುತ್ತವೆ. ಅಲ್ಲಿ ಹುಟ್ಟಿ ಬೆಳೆದವರ ಕಿವಿಗೆ ಅದು ಬೀಳುವುದೇ ಇಲ್ಲ, ಮೈಕಿಗೆ ಮಾತ್ರ ಬೀಳುತ್ತದೆ. ಹಾಗಾಗಿ ಅವಳು ಹನ್ನೆರಡೂವರೆಗೇ ಉಂಡು, ಬಾಯಿ ಮುಕ್ಕಳಿಸಿ, ಫ್ಯಾನು ಆರಿಸಿ, ಬಾಗಿಲಿಗೆ ಎರಡು ಕೌದಿ ಇಳಿಬಿಟ್ಟು ಕಾಯುತ್ತ ಕೂರುತ್ತಿದ್ದಳು. ಗಿರಣಿಯ ಮೋಟಾರು ನರಳಿ ನರಳಿ ಸುಮ್ಮನಾದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ, ಹೆಡ್‌ಫೋನ್ ಹಾಕಿಕೊಂಡು, ಪರದೆಯ ಮೇಲಿನ ಕೆಂಪು ಗುಂಡಿ ಒತ್ತುತ್ತಿದ್ದಳು.

ಕಂಪ್ಯೂಟರು ಅಣ್ಣ ಹುಲಿಗೇಶನದು. ನಾಲ್ಕು ವರ್ಷ ಡಿಜೆ ಇಟ್ಟುಕೊಂಡು ಊರೂರು ತಿರುಗಿದವನು, ಲಗ್ನವಾದ ಮೇಲೆ ರಾಯಚೂರಿನಲ್ಲಿ ಮಾವನ ಟೈರಿನ ಅಂಗಡಿ ಸೇರಿದ. ದೊಡ್ಡ ಸ್ಪೀಕರುಗಳು ಮಾರಿಹೋದವು. ಹಳೆಯ ಕಂಪ್ಯೂಟರು, ಒಂದು ಮೈಕು, ಕಿವಿಯ ಮೆತ್ತೆ ಹರಿದ ಹೆಡ್‌ಫೋನು ಯಾರಿಗೂ ಬೇಡವಾಗಿ ಮನೆಯಲ್ಲೇ ಉಳಿದವು, ಶಶಿಕಲಾ ಉಳಿದ ಹಾಗೆ. ಅವ್ವನಿಗೆ ಕಾಯಿಲೆಯಾದಾಗ ಮನೆಯಲ್ಲಿ ಒಬ್ಬರು ಬೇಕೆಂದು ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು ಅವಳು. ಅವ್ವ ತೀರಿಕೊಳ್ಳುವ ಹೊತ್ತಿಗೆ ತಿರುಗಿ ಶಾಲೆಗೆ ಹೋಗುವ ವಯಸ್ಸು ದಾಟಿತ್ತು. ಅಣ್ಣ ಹಾಡು ಕತ್ತರಿಸಿ ಜೋಡಿಸುವಾಗ ಚಹಾದ ಲೋಟ ಹಿಡಿದು ಹಿಂದೆ ನಿಲ್ಲುತ್ತಿದ್ದಳು. ಚಹಾ ಆರಿ ಕೆನೆಗಟ್ಟಿದರೂ ಕೊಡುವುದು ಮರೆತು ಅವನ ಕೈಯನ್ನೇ ನೋಡುತ್ತಿದ್ದಳು. ಅವಳು ಕಲಿತದ್ದೆಲ್ಲ ಹಾಗೆ, ಬೆನ್ನ ಹಿಂದಿನಿಂದ.

ಅಪ್ಪ ತಾಯಣ್ಣ ಗಿರಣಿಯಲ್ಲಿ ಹಮಾಲಿ. ಮುಂಜಾನೆ ಹೋದರೆ ಸಂಜೆಗೆ ಬರುತ್ತಿದ್ದ. ಮೈತುಂಬ ತೌಡಿನ ಧೂಳು, ಬಾಯಲ್ಲಿ ನಾಲ್ಕು ಮಾತು. ಆ ನಾಲ್ಕರಲ್ಲಿ ಎರಡು ಊಟದವು.

ಹಾಡಿನ ಕೆಲಸ ಬಂದದ್ದು ಕಲೀಮುಲ್ಲಾನಿಂದ. ಅವನು ಹುಲಿಗೇಶನ ಹಳೆಯ ಗೆಳೆಯ, ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರ ಮದುವೆಯ ವಿಡಿಯೋ ಮಾಡುವವನು. ಈಗ ಕಲ್ಯಾಣ ಮಂಟಪಗಳಲ್ಲಿ ಸೋಬಾನ ಹಾಡುವವರೇ ಇಲ್ಲ, ಅರಿಷಿಣ ಹಚ್ಚುವಾಗ ಎಲ್ಲರೂ ಮೊಬೈಲ್ ಹಿಡಿದು ನಿಂತಿರುತ್ತಾರೆ, ಮನೆಯ ಹಿರಿಯರು ಮಾತ್ರ ಹಾಡಿಲ್ಲವೇ ಅಂತ ಕೇಳುತ್ತಾರೆ ಎಂದು ಅವನು ಫೋನಿನಲ್ಲಿ ಹೇಳಿದ್ದ.

"ಒಬ್ಬಾಕೀದು ಬ್ಯಾಡ ನೋಡು ಬೆಹನ್. ಒಬ್ಬಾಕಿ ಹಾಡಿದ್ರ ರೇಡಿಯೋ ಹಚ್ಚಿದಂಗ ಆಗ್ತದ. ಮನಿ ತುಂಬ ಹೆಣ್ಮಕ್ಕಳು ಕುಂತು ಹಾಡಿದಂಗಿರಬೇಕು. ನಿಮ್ಮ ಓಣ್ಯಾಗ ಹಾಡೋರು ಅದಾರಲ್ಲ?"

"ಅದಾರ" ಎಂದಿದ್ದಳು ಶಶಿಕಲಾ.

"ಎಷ್ಟು ಮಂದಿ?"

"ಆರು."

ಆಗ ಅವಳ ಮನಸ್ಸಿನಲ್ಲಿ ಸುಳ್ಳು ಇರಲಿಲ್ಲ. ಕೇಳಿದರೆ ಬರುತ್ತಾರೆ ಎಂದುಕೊಂಡಿದ್ದಳು. ಮರುದಿನ ಕೊಡ ಹಿಡಿದು ನಲ್ಲಿಯ ಹತ್ತಿರ ಹೋದಳು. ಏಳೆಂಟು ಹೆಂಗಸರು ಸರದಿಯಲ್ಲಿ ನಿಂತು ಯಾರದೋ ಸೊಸೆಯ ಮಾತಾಡಿ ನಗುತ್ತಿದ್ದರು. ನಗು ನಿಲ್ಲಲಿ, ಆಮೇಲೆ ಕೇಳೋಣ ಎಂದು ಕಾದಳು. ನಗು ನಿಂತಿತು. ಎಲ್ಲರೂ ಅವಳ ಕಡೆ ನೋಡಿದರು. ಅವಳು ಕೊಡ ತುಂಬಿಕೊಂಡು ಮನೆಗೆ ಬಂದಳು.

ಆಮೇಲೆ ಆರೂ ಮಂದಿ ತಾನೇ ಆದಳು.

ಸುಲಭದ ಕೆಲಸವಾಗಿರಲಿಲ್ಲ. ಒಂದು ಧ್ವನಿಯನ್ನು ನಕಲು ಮಾಡಿ ಆರು ಸಲ ಅಂಟಿಸಿದರೆ ತಗಡಿನ ಡಬ್ಬಿಯೊಳಗೆ ಹಾಡಿದ ಹಾಗಾಗುತ್ತದೆ. ಅದು ಮೊದಲ ದಿನವೇ ಗೊತ್ತಾಯಿತು. ಆರು ಸಲ ಬೇರೆ ಬೇರೆ ಹಾಡಬೇಕು, ಬೇರೆ ಬೇರೆಯವಳಾಗಿ ಹಾಡಬೇಕು. ಸಣ್ಣವಳಿದ್ದಾಗ ಅವ್ವನ ಜೊತೆ ಬಾಗಲವಾಡದ ಗದ್ದೆಗಳಿಗೆ ಸಸಿ ಹಚ್ಚಲು ಹೋಗುತ್ತಿದ್ದ ದಿನಗಳು ನೆನಪಿದ್ದವು. ಕೆಸರಿನಲ್ಲಿ ಬಗ್ಗಿ ನಿಂತ ಹೆಂಗಸರ ಸಾಲು, ಅವರಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ. ಮುಂದೆ ಹಾಡುವವಳ ಧ್ವನಿಯನ್ನು ನಿಂತು, ಮೈಕಿನ ಹತ್ತಿರ ಹಾಡಿದಳು. ಎರಡನೆಯವಳಿಗೆ ದವಡೆಯಲ್ಲಿ ಅಡಿಕೆ ಇಟ್ಟುಕೊಂಡಳು. ಮೂರನೆಯವಳು ಯಾವಾಗಲೂ ಅರ್ಧ ಮಾತ್ರೆ ತಡ. ನಾಲ್ಕನೆಯವಳ ಕೈಗೆ ಡಜನ್ ಗಾಜಿನ ಬಳೆ. ಐದನೆಯವಳು ಗೋಡೆಗೆ ಮುಖ ಮಾಡಿ ಹಾಡುವ ನಾಚಿಕೆಯವಳು. ಆರನೆಯವಳಿಗೆ ಹಾಡೇ ಬರುವುದಿಲ್ಲ, ಸಾಲಿನ ಕೊನೆಯ ಅಕ್ಷರ ಮಾತ್ರ ಹಿಡಿದು ಗುನುಗುತ್ತಾಳೆ. ಅವಳೆಂದರೆ ಶಶಿಕಲಾಳಿಗೆ ಬಹಳ ಇಷ್ಟ.

ಅರಿಷಿಣ ಅರೆದವರು ಅಂಗಳಕ ಬಂದಾರ
ಕೈಯೆಲ್ಲ ಹಳದಿ ನನ ಮಗಳಾ

ಇದೊಂದು ಹಾಡಿಗೇ ಹನ್ನೆರಡು ಮಧ್ಯಾಹ್ನ ಹಿಡಿದವು. ಮೊದಲನೆಯವಳನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಎರಡನೆಯವಳನ್ನು ಹಾಡಬೇಕು, ಇಬ್ಬರನ್ನೂ ಕೇಳುತ್ತ ಮೂರನೆಯವಳನ್ನು. ಎಲ್ಲ ಮುಗಿದ ಮೇಲೆ ಇಬ್ಬರನ್ನು ಎಡಕ್ಕೆ ಸರಿಸಿ, ಇಬ್ಬರನ್ನು ಬಲಕ್ಕೆ, ನಾಚಿಕೆಯವಳನ್ನು ದೂರ ಬಾಗಿಲ ಹತ್ತಿರ ಕೂರಿಸಿ, ಮುಂದೆ ಹಾಡುವವಳನ್ನು ನಡುವೆ ಇಟ್ಟಳು. ಪರದೆಯ ಮೇಲೆ ಆರು ಬಣ್ಣದ ಪಟ್ಟಿ. ಕಣ್ಣು ಮುಚ್ಚಿದರೆ ಮನೆ ತುಂಬ ಜನ. ಒಂದು ದಿನ ಕೇಳುತ್ತ ಕೇಳುತ್ತ, ಪಕ್ಕದವಳಿಗೆ ಇಕ್ಕಟ್ಟಾದೀತೆಂದು ಮೊಣಕಾಲು ಸರಿಸಿಕೊಂಡಳು. ಸರಿಸಿಕೊಂಡದ್ದು ಗೊತ್ತಾದ ಮೇಲೆ ಹೆಡ್‌ಫೋನ್ ತೆಗೆದಿಟ್ಟು ಸುಮಾರು ಹೊತ್ತು ಪಾತ್ರೆ ತಿಕ್ಕಿದಳು.

ಹಾಡು ದೇವದುರ್ಗದ ಒಂದು ದೊಡ್ಡ ಮನೆಯ ಮದುವೆಗೆ ಹೋಯಿತು. ಎಲ್ಲರೂ ಮೆಚ್ಚಿದರಂತೆ. ವಾರವಾದ ಮೇಲೆ, ಗುರುವಾರ, ಕಲೀಮುಲ್ಲಾನ ಫೋನು ಬಂತು.

"ಬೆಹನ್, ಮದುಮಗಳ ಅಜ್ಜಿ ನಾಳೆ ಮಧ್ಯಾಹ್ನ ನಿಮ್ಮ ಮನಿಗೆ ಬರಾಕತ್ತ್ಯಾರ. ಬಸವಂತಮ್ಮ ಅಂತ. ಹಾಡಿದ ಹೆಣ್ಮಕ್ಕಳಿಗೆ ಉಡಿ ತುಂಬಬೇಕಂತ."

ಶಶಿಕಲಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ನಿಮ್ಮ ಕಡೀಲೆ ಕೊಟ್ಟು ಕಳಸ್ರೀ ಅನ್ರಿ."

"ಅಂದೆ. ಮನ್ಯಾಗಿನವರೂ ಅಂದ್ರು. ಮುದುಕಿ ಕೇಳವಲ್ದು. ಹಾಡಿದಾರು ಖಾಲಿ ಉಡೀಲೆ ಇದ್ರ ಮೊಮ್ಮಗಳಿಗೆ ಛಲೋದಲ್ಲಂತ. ಆರು ಉಡಿ ಕಟ್ಟಿಸ್ಯಾರ. ಆರೂ ಮಂದೀನ ಒಂದ್ಕಡೆ ಕುಂದ್ರಸು, ಅಷ್ಟ. ಅವರ ಪೈಕಿ ಇನ್ನೂ ಮೂರು ಲಗ್ನ ಅದಾವ. ಏನರೆ ಹೆಚ್ಚುಕಮ್ಮಿ ಆತೋ, ನಾ ಇನ್ನ ನಿನ್ನ ಹಾಡು ಯಾರಿಗೂ ಕೊಡಾಕ ಬರೂದಿಲ್ಲ, ತಿಳೀತಿಲ್ಲ?"

ಫೋನು ಇಟ್ಟ ಮೇಲೆ ಅವಳು ಗೋಡೆಗೊರಗಿ ಕೂತಳು. ಹಾಡು ನಿಂತರೆ ಮಧ್ಯಾಹ್ನದ ಆ ಒಂದು ತಾಸು ನಿಲ್ಲುತ್ತದೆ. ಆ ತಾಸು ನಿಂತರೆ ಉಳಿದ ಇಪ್ಪತ್ಮೂರರಲ್ಲಿ ಅವಳಿಗೆ ಏನಿತ್ತು? ಐದು ಹೆಂಗಸರು ಬೇಕು. ಹಾಡಲು ಬರಬೇಕೆಂದೇನಿಲ್ಲ, ಬಂದು ಕೂತರೆ ಸಾಕು. ಸಂಜೆ ನಲ್ಲಿಗೆ ಎರಡು ಸಲ ಹೋದಳು. ಮುಂಜಾನೆ ಮತ್ತೊಂದು ಸಲ. ಮನೆಯಲ್ಲಿದ್ದ ಕೊಡಗಳೆಲ್ಲ ತುಂಬಿದವು.

"ಇಷ್ಟು ನೀರು ಯಾಕ?" ಎಂದು ತಾಯಣ್ಣ ಕೇಳಿದ.

"ಇರ್ಲಿ ಅಂತ" ಎಂದಳು.

ಶುಕ್ರವಾರ ಹನ್ನೆರಡೂ ಮುಕ್ಕಾಲಿಗೆ ಆಟೋ ಓಣಿಯ ಬಾಯಲ್ಲಿ ನಿಂತಿತು. ಇಳಿದದ್ದು ಎತ್ತರದ, ಒಣಗಿದ ಮೈಯ ಮುದುಕಿ. ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ, ಎರಡೂ ಕೈಯಲ್ಲಿ ಭಾರದ ಚೀಲ. ದೇವದುರ್ಗದಿಂದ ಬಸ್ಸಿನಲ್ಲಿ ಬಂದಿದ್ದಳು. ಬಾಗಿಲ ಮುಂದೆ ನಿಂತು ಒಳಗೆ ಕಣ್ಣಾಡಿಸಿದಳು. ಗೋಡೆಯ ಮೇಲಿನ ಬುದ್ಧನ ಪಟ ನೋಡಿದಳು. ಯಾರ ಪೈಕಿ ಎಂದು ಕೇಳುವ ಅಗತ್ಯ ಬೀಳಲಿಲ್ಲ. ಒಳಗೂ ಬರಲಿಲ್ಲ, ಹೊರಗೂ ನಿಲ್ಲಲಿಲ್ಲ, ಹೊಸ್ತಿಲ ಮೇಲೆ ಕೂತಳು. ಶಶಿಕಲಾ ನೀರು ತಂದರೆ, "ಇರ್ಲಿ ಬಿಡವಾ, ಅದ" ಎಂದು ತನ್ನ ಚೀಲದ ಬಾಟಲಿ ತೆಗೆದು ಕುಡಿದಳು.

"ಹಾಡೋ ಹೆಣ್ಮಕ್ಕಳ ಮನಿ ಇದ ಹೌದಲ್ಲ?"

"ಹೌದ್ರಿ."

"ಉಳಿದಾರು?"

"ಉಳಿದಾರು ಇಲ್ರಿ."

"ಹೊಲಕ್ಕ ಹೋಗ್ಯಾರೇನು? ಬರಲಿ. ನನ್ನ ಬಸ್ಸು ನಾಲ್ಕಕ್ಕದ."

"ಹೊಲಕ್ಕಲ್ರಿ" ಎಂದಳು ಶಶಿಕಲಾ. ಕಣ್ಣು ಮುದುಕಿಯ ಚೀಲದ ಮೇಲಿತ್ತು. "ಅಂಥಾರು ಯಾರೂ ಇಲ್ರಿ. ಆರೂ ನಾನ ರೀ."

ಬಸವಂತಮ್ಮ ಅವಳನ್ನೇ ನೋಡಿದಳು. ಹುಡುಗಿಯ ತಲೆ ಸರಿ ಇದೆಯೋ ಇಲ್ಲವೋ ಎಂದು ಅಳೆಯುವ ನೋಟ. ಶಶಿಕಲಾ ಒಳಗೆ ಹೋಗಿ ಕಂಪ್ಯೂಟರಿನ ಪರದೆ ಬಾಗಿಲ ಕಡೆ ತಿರುಗಿಸಿ, ಆರು ಪಟ್ಟಿಗಳಲ್ಲಿ ಒಂದೊಂದನ್ನೇ ಬಿಟ್ಟು ಕೇಳಿಸಿದಳು. ಅಡಿಕೆಯವಳು, ತಡದವಳು, ಬಳೆಯವಳು. ಆಮೇಲೆ ಎಲ್ಲವನ್ನೂ ಕೂಡಿಸಿ ಕೇಳಿಸಿದಳು.

"ಅದಕ್ಕ!" ಎಂದು ಮುದುಕಿ ತೊಡೆ ತಟ್ಟಿಕೊಂಡಳು. "ಲಗ್ನದಾಗ ಕೇಳಿದಾಗ್ಲಿಂದ ಒಂದು ಮಾತು ತಲಿ ಕೊರಿಯಾಕತ್ತಿತ್ತು. ಹಾಡು ಛಲೋ ಅದ, ಧಾಟಿ ನಮ್ಮದ ಅದ. ಆದ್ರ ಆರೂ ಮಂದಿ ಒಮ್ಮಿಗೇ ಉಸಿರು ತಗೋತಾರ. ಒಬ್ಬಾಕಿ ದಮ್ಮು ಮುಗೀತಂದ್ರ ಎಲ್ಲಾರದೂ ಮುಗೀತದ, ಹಾಡು ಕಡೀತದ. ನಾ ಏನು ತಿಳದಿದ್ದೆ ಗೊತ್ತದೇನು? ಇವರು ಒಬ್ಬರಿಗೊಬ್ಬರು ಜಗಳಾಡಿ ಬಂದು ಕುಂತಾರ, ಅದಕ್ಕ ಒಬ್ಬಾಕೀದು ಒಬ್ಬಾಕಿ ಹಿಡಿಯವಲ್ಲಳು ಅಂತ."

ಆ ಹಾಡನ್ನು ಶಶಿಕಲಾ ನೂರು ಸಲ ಕೇಳಿದ್ದಳು. ಗಿರಣಿಯ ಗುಂಯ್ ಕೇಳಿಸಿತ್ತು, ದೂರದ ಬಸ್ಸಿನ ಹಾರ್ನು ಕೇಳಿಸಿ ಅದನ್ನು ಅಳಿಸಿದ್ದಳು, ಬಳೆಯ ಸದ್ದು ಹೆಚ್ಚಾಯಿತೆಂದು ತಗ್ಗಿಸಿದ್ದಳು. ಇದು ಮಾತ್ರ ಕೇಳಿಸಿರಲಿಲ್ಲ. ಪ್ರತಿ ಸಲವೂ ಮೊದಲನೆಯವಳನ್ನು ಕಿವಿಯಲ್ಲಿ ಇಟ್ಟುಕೊಂಡೇ ಹಾಡಿದ್ದರಿಂದ, ಆಕೆ ಉಸಿರಿಗೆ ಎಲ್ಲಿ ನಿಂತಳೋ ಐದೂ ಮಂದಿ ಅಲ್ಲೇ ನಿಂತಿದ್ದರು. ಗದ್ದೆಯಲ್ಲಿ ಹಾಗಿರಲಿಲ್ಲ. ಬಗ್ಗಿದ ಮೈಯಲ್ಲಿ ಯಾರಿಗೂ ಪೂರಾ ಸಾಲು ಹಾಡುವಷ್ಟು ಉಸಿರಿರುತ್ತಿರಲಿಲ್ಲ. ಒಬ್ಬಳು ಬಿಟ್ಟಲ್ಲಿ ಇನ್ನೊಬ್ಬಳು ಹಿಡಿದು, ಬದುವಿನಿಂದ ಬದುವಿಗೆ ಹಾಡು ಒಂದೇ ದಾರವಾಗಿ ಹೋಗುತ್ತಿತ್ತು.

"ಹಾಡು, ನೋಡೂಣ" ಎಂದಳು ಬಸವಂತಮ್ಮ.

"ಹೆಡ್‌ಫೋನ್ ಬೇಕಾಗ್ತದ್ರಿ."

"ಅದ್ಯಾಕ? ನಾ ಇಲ್ಲೇ ಕುಂತೀನಲ್ಲ."

ಶಶಿಕಲಾ ಬಾಯಿ ತೆರೆದಳು. ಬರೀ ಗಾಳಿ ಬಂತು. ಮನುಷ್ಯರ ಮುಖದ ಮುಂದೆ ಅವಳು ಯಾವತ್ತೂ ಹಾಡಿದವಳಲ್ಲ. ಮುದುಕಿ ಸೆರಗು ಸರಿಮಾಡಿಕೊಂಡು, ಓಣಿಯಲ್ಲಿ ಕಟ್ಟಿದ್ದ ಆಡಿನ ಕಡೆ ತಿರುಗಿ ಕೂತಳು. "ತಗೋ. ನಾ ಆ ಆಡು ನೋಡ್ಕೊಂತ ಕುಂದ್ರತೀನಿ. ಹಾಡು."

ಅಷ್ಟರಲ್ಲಿ ಒಂದು ಹೊಡೆಯಿತು. ಗಿರಣಿ ನಿಂತಿತು. ಓಣಿಗೆ ಓಣಿಯೇ ಕಿವಿಯಾದ ಹಾಗಾಯಿತು. ಶಶಿಕಲಾ ಮುದುಕಿಯ ಬೆನ್ನು ನೋಡುತ್ತ ಸಣ್ಣಗೆ ಶುರು ಮಾಡಿದಳು. ಮುದುಕಿ ಕೂಡಿದಳು. ಒರಟು ಧ್ವನಿ, ಶ್ರುತಿಗಿಂತ ಒಂದು ಕೂದಲೆಳೆ ಕೆಳಗೆ. 'ಅಂಗಳಕ' ಎಂಬಲ್ಲಿ ಇಬ್ಬರೂ ಒಟ್ಟಿಗೇ ನಿಂತರು. ಹಾಡು ಕಡಿಯಿತು.

ಬಸವಂತಮ್ಮ ಹೊಸ್ತಿಲ ಮೇಲೆ ಅಂಗೈ ಬಡಿದಳು. "ನನ್ನ ಸಂಗಾಟ ಯಾಕ ನಿಂತಿ? ನಿನಗ ದಮ್ಮು ಮುಗಿದಲ್ಲಿ ನೀ ಬಿಡು, ನಾ ಹಿಡೀತೀನಿ."

"ಬಿಡಾಕ ಅಂಜಿಕಿ ಬರ್ತದ್ರಿ."

"ಯಾಕ, ನೀ ಬಿಟ್ರ ಹಾಡು ನೆಲಕ್ಕ ಬೀಳ್ತದೇನು? ಬಿಡು ಮಗಳ."

ಮೂರನೆಯ ಸಲಕ್ಕೆ ಅವಳು ಬಿಟ್ಟಳು. 'ಬಂದಾರ' ಎಂಬುದರ ನಡುವೆ, ಯಾವ ಹಾಡುಗಾರಳೂ ಬಿಡಬಾರದ ಜಾಗದಲ್ಲಿ ಬಿಟ್ಟಳು. ಹಾಡು ಬೀಳಲಿಲ್ಲ. ಆ ಒರಟು ಧ್ವನಿ ಅದನ್ನು ಎತ್ತಿಕೊಂಡು ತನ್ನ ಪಾಡಿಗೆ ತಾನು ಹೋಯಿತು. ತಾನು ಸುಮ್ಮನಿರುವಾಗಲೂ ತನ್ನ ಹಾಡು ನಡೆಯುತ್ತಿರುವುದನ್ನು ಶಶಿಕಲಾ ನಿಂತು ಕೇಳಿದಳು. ಉಸಿರು ತುಂಬಿಕೊಂಡು ಮತ್ತೆ ಒಳಸೇರಿದಾಗ, ಮುದುಕಿ ಬಿಟ್ಟಳು. ಈಗ ಹಿಡಿಯುವ ಸರದಿ ಅವಳದಾಗಿತ್ತು.

ಮುಗಿದ ಮೇಲೆ ಬಸವಂತಮ್ಮ ಹೊಗಳಲಿಲ್ಲ. ಚೀಲ ಬಿಚ್ಚಿದಳು. ಆರು ಗಂಟುಗಳು, ಒಂದೊಂದರಲ್ಲೂ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಎಲೆ ಅಡಿಕೆ, ಒಂದು ಹಸಿರು ಕುಪ್ಪಸದ ಖಣ. ಸೀರೆ ಉಡದ ಶಶಿಕಲಾ ಚೂಡಿದಾರದ ಓಡಣಿಯನ್ನೇ ಚಾಚಿದಳು. ಮುದುಕಿ ಮೇಲಿನಿಂದ ಸುರಿದಳು. ಕೈಗೆ ಕೈ ತಾಗಲಿಲ್ಲ. ತಾಗದ ಹಾಗೆ ನೋಡಿಕೊಂಡಳೋ, ತಾನಾಗಿ ಹಾಗಾಯಿತೋ, ಶಶಿಕಲಾಳಿಗೆ ತಿಳಿಯಲಿಲ್ಲ.

ಉಳಿದ ಐದು ಗಂಟುಗಳನ್ನು ಬಸವಂತಮ್ಮ ಹೊಸ್ತಿಲ ಒಳಗೆ ಸಾಲಾಗಿ ಇಟ್ಟಳು.

"ಇವನ್ನ ಒಯ್ರಿ ಅಮ್ಮಾರ" ಎಂದಳು ಶಶಿಕಲಾ.

"ಹಾಡಿದಾರಿಗಂತ ಮನಿ ಬಿಟ್ಟು ಹೊರಬಿದ್ದ ಉಡಿ ತಿರುಗಿ ಮನಿಗೆ ಒಯ್ಯೂದಿಲ್ಲ. ಐದು ಮಂದೀನ ಹುಡುಕಿ ತುಂಬು. ಇವತ್ತ ಹೊತ್ತು ಮುಳುಗೂದ್ರಾಗ ತುಂಬಬೇಕು ನೋಡು."

"ಕಲೀಮುಲ್ಲಾ ಭಾಯಿಗೆ ಏನು ಹೇಳ್ತೀರಿ?"

"ಆರು ಉಡಿ ಕೊಟ್ಟು ಬಂದೆ ಅಂತೀನಿ. ಕೊಟ್ಟೀನಲ್ಲ?" ಮುದುಕಿ ಚೌಕಟ್ಟು ಹಿಡಿದು ಎದ್ದಳು. "ಆಷಾಢ ಕಳದ ಮ್ಯಾಲೆ ತಂಗಿ ಮೊಮ್ಮಗನ ಲಗ್ನ ಅದ. ಆ ಹಾಡು ಕಡೀಬಾರದು. ಕಡದ್ರ ನನಗ ಗೊತ್ತಾಗ್ತದ."

ಆಟೋ ಹೋಯಿತು. ಎರಡು ಹೊಡೆದು ಗಿರಣಿ ಶುರುವಾಯಿತು. ಶಶಿಕಲಾ ಕೌದಿ ಇಳಿಬಿಟ್ಟು ಕಂಪ್ಯೂಟರಿನ ಮುಂದೆ ಕೂತಳು. ಯಾರನ್ನೂ ಕೇಳದೆ ಮಾಡಬಹುದಾದ ದಾರಿ ಒಂದಿತ್ತು. ಅಡಿಕೆಯವಳ ಉಸಿರನ್ನು ಎಲ್ಲರೂ ನಿಲ್ಲುವ ಜಾಗದಿಂದ ಕತ್ತರಿಸಿ ಹಿಂದಕ್ಕೆ ಸರಿಸಿದಳು. ಬಳೆಯವಳ 'ಬಂದಾರ'ವನ್ನು ಎಳೆದು ಉದ್ದ ಮಾಡಿದಳು. ಒಂದು ತಾಸಿನ ಹೊತ್ತಿಗೆ ಒಂದು ಸಾಲು ಸರಿಯಾಯಿತು. ಎಲ್ಲೂ ಕಡಿಯಲಿಲ್ಲ. ಬಸವಂತಮ್ಮನಿಗೂ ಗೊತ್ತಾಗದ ಹಾಗೆ ಉಳಿದ ಸಾಲುಗಳನ್ನೂ ಹೀಗೇ ಮಾಡಬಹುದು ಎಂದು ಅವಳಿಗೆ ಖಾತ್ರಿಯಾಯಿತು.

ಮತ್ತೆ ಹಾಕಿ ಕೇಳಿದಳು. ಅವಳು ಬಿಟ್ಟದ್ದನ್ನು ಅವಳೇ ಹಿಡಿಯುತ್ತಿದ್ದಳು. ಎಡಗಡೆಯೂ ತಾನೇ, ಬಲಗಡೆಯೂ ತಾನೇ, ದೂರದ ಬಾಗಿಲ ಹತ್ತಿರ ನಾಚಿಕೊಂಡು ಕೂತವಳೂ ತಾನೇ. ಇಷ್ಟು ದಿನ ಕಣ್ಣು ಮುಚ್ಚಿದರೆ ಬಂದು ಕೂರುತ್ತಿದ್ದವರು ಇವತ್ತು ಬರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ ನೋಡಿದಳು. ಗೋಡೆ ಗುಂಯ್‌ಗುಡುತ್ತಿತ್ತು, ಅಷ್ಟೇ.

ಬಿಸಿಲು ಎದುರು ಮನೆಯ ತಗಡಿನಿಂದ ಇಳಿಯುವ ಹೊತ್ತಿಗೆ ಅವಳು ಐದು ಗಂಟುಗಳನ್ನು ಬಿದಿರಿನ ಬುಟ್ಟಿಯಲ್ಲಿ ಇಟ್ಟುಕೊಂಡು ಹೊರಗೆ ಬಂದಳು. ಪಕ್ಕದ ಮನೆ ಗಿರಣಿಯಲ್ಲಿ ಕಸ ಹೊಡೆಯುವ ಶೇಖಮ್ಮನದು. ಎಂಟು ವರ್ಷದಿಂದ ಒಂದೇ ಗೋಡೆ. ಆ ಬಾಗಿಲನ್ನು ಶಶಿಕಲಾ ಒಂದು ಸಲವೂ ತಟ್ಟಿರಲಿಲ್ಲ. ಕೈ ಎತ್ತಿ, ಇಳಿಸಿ, ಮತ್ತೆ ಎತ್ತಿದಳು.

"ಯಾರದು?" ಒಳಗಿನಿಂದಲೇ ಕೂಗು ಬಂತು. ಬಾಗಿಲು ತೆರೆದ ಶೇಖಮ್ಮನ ಕೈಯಲ್ಲಿ ಸೌಟು. "ಓ, ತಾಯಣ್ಣನ ಮಗಳಾ? ಬಾರವಾ ಹಾಡಗಿತ್ತಿ! ದಿನಾ ಗಿರಣಿ ಬಂದ್ ಆತಂದ್ರ ಶುರು ಮಾಡ್ತಿ. ಒಂದ ಸಾಲು, ಹತ್ತು ಸಲ. ಉಂಡು ಒಂದೀಟು ಅಡ್ಡಾಗೂಣ ಅಂದ್ರ ಕಣ್ಣು ಹತ್ತಂಗಿಲ್ಲ. ಮುಂದಿಂದು ಯಾವಾಗ ಬರ್ತದ, ಈ ಹುಡುಗಿ ಯಾವಾಗ ಮುಗಸ್ತಾಳ ಅಂತ ಕಾಯ್ಕೊಂತ ಬಿದ್ದಿರ್ತೀನಿ."

"ತಪ್ಪಾತ್ರಿ" ಎಂದಳು ಶಶಿಕಲಾ. ಗೋಡೆಯ ಆಚೆ ಒಬ್ಬರು ಇಷ್ಟು ದಿನ ಎಚ್ಚರವಾಗಿದ್ದರು ಎಂಬುದು ಅವಳ ತಲೆಗೆ ಇಳಿಯಲೇ ಹೊತ್ತು ಹಿಡಿಯಿತು.

"ತಪ್ಪೇನು ಬಂತು. ಬುಟ್ಟ್ಯಾಗ ಏನದು?"

"ಉಡಿ ರೀ. ದೇವದುರ್ಗದವರು ಕೊಟ್ಟಾರ. ಸೋಬಾನ ಹಾಡಿದಾರಿಗೆ."

"ಅಯ್ಯ, ನಾ ಎಲ್ಲಿ ಹಾಡೀನಿ?"

ಇಲ್ಲಿ ಸುಮ್ಮನಾಗಬಹುದಿತ್ತು. ಹಾಗೇ ಇಟ್ಟುಕೊಳ್ಳಿ ಎನ್ನಬಹುದಿತ್ತು. ಶಶಿಕಲಾ ಸೌಟನ್ನೇ ನೋಡುತ್ತ, "ಹಾಡಬೇಕಾಗ್ತದ್ರಿ. ಮಧ್ಯಾಹ್ನ ಬಂದು. ನಮ್ಮ ಮನ್ಯಾಗ" ಎಂದಳು. ಮೂರು ತುಂಡಾಗಿ ಬಂತು ಮಾತು. ಮೂರೂ ಬಂದವು.

ಶೇಖಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಸೌಟನ್ನು ಕಂಕುಳಿಗೆ ಸಿಕ್ಕಿಸಿ ಸೆರಗು ಚಾಚಿದಳು. ಶಶಿಕಲಾ ಉಡಿ ತುಂಬಿದಳು. ಮೊದಲ ಸಲ ತುಂಬುತ್ತಿದ್ದವಳ ಕೈ ತಪ್ಪಿ ನಾಲ್ಕು ಕಾಳು ಅಕ್ಕಿ ನೆಲಕ್ಕೆ ಬಿದ್ದವು. ಶೇಖಮ್ಮ ಬಗ್ಗಿ ಅವನ್ನೂ ಆರಿಸಿಕೊಂಡಳು.

"ನೋಡೂಣ" ಎಂದಳು. "ಒಲಿ ಮ್ಯಾಲೆ ಬ್ಯಾಳಿ ಅದ ನಂದು." ಸೆರಗಿನ ಗಂಟು ಎದೆಗವಚಿಕೊಂಡು ಒಳಗೆ ಹೋದಳು. ಬಾಗಿಲು ಅರ್ಧ ಮುಚ್ಚಿತು.

ನೋಡೂಣ ಅಂದರೆ ಬರುತ್ತಾಳೆಂದೋ, ಬರುವುದಿಲ್ಲವೆಂದೋ, ಶಶಿಕಲಾಳಿಗೆ ಗೊತ್ತಾಗಲಿಲ್ಲ. ಕೇಳಲು ಬಾಗಿಲಲ್ಲಿ ಯಾರೂ ಇರಲಿಲ್ಲ. ಓಣಿಯ ಮನೆಗಳಲ್ಲಿ ಒಂದೊಂದಾಗಿ ದೀಪ ಹತ್ತುತ್ತಿದ್ದವು, ಬೇಳೆಯ ಒಗ್ಗರಣೆಯ ವಾಸನೆ ಬರುತ್ತಿತ್ತು. ಬುಟ್ಟಿಯಲ್ಲಿ ಇನ್ನೂ ನಾಲ್ಕು ಗಂಟು ಇದ್ದವು. ಅವಳು ಮುಂದಿನ ಬಾಗಿಲ ಕಡೆ ನಡೆದಳು.